ಹಿಮಶಿಖರಕ್ಕೆ ಮೊದಲೇ ಹೊರಡುವ ಹೊರೆ: ಜಪಾನಿನ ಸ್ಕೀ ಪಾರ್ಸೆಲ್ ವ್ಯವಸ್ಥೆ

ಹಿಮದ ಮೇಲೆ ಜಾರುವ ಸ್ಕೀ ಆಟ ನೋಡಲು ಹಗುರ. ಅದರ ಸಲಕರಣೆ ಮಾತ್ರ ಬಲು ಭಾರ. ವಯಸ್ಕರೊಬ್ಬರ ಒಂದು ಜೊತೆ ಸ್ಕೀ ಹಲಗೆಗಳ ಉದ್ದ ಸಾಮಾನ್ಯವಾಗಿ 150ರಿಂದ 180 ಸೆಂಟಿಮೀಟರ್. ಅವುಗಳ ಅಂಚಿಗೆ ಹರಿತವಾದ ಉಕ್ಕಿನ ಪಟ್ಟಿ, ನಡುವೆ ಬೂಟನ್ನು ಹಿಡಿದಿಡುವ ಲೋಹದ ಬಂಧಕ. ಜೊತೆಗೆ ಗಡಸು ಪ್ಲಾಸ್ಟಿಕ್ಕಿನ ಬೂಟು, ಊರುಗೋಲು, ಶಿರಸ್ತ್ರಾಣ ಮತ್ತು ದಪ್ಪನೆಯ ಉಡುಪು. ಎಲ್ಲವನ್ನೂ ಕಟ್ಟಿದರೆ ಹೊರೆ ಹತ್ತು ಕಿಲೋ ದಾಟುವುದು ಸಹಜ. ಇಬ್ಬರು ಮಕ್ಕಳಿರುವ ಕುಟುಂಬವೊಂದು ಇಂಥ ನಾಲ್ಕು ಹೊರೆಗಳೊಂದಿಗೆ ಮಹಾನಗರದ ರೈಲು ನಿಲ್ದಾಣದ ಮೆಟ್ಟಿಲು ಹತ್ತುವುದೆಂದರೆ ಪ್ರವಾಸದ ಉತ್ಸಾಹವೇ ಅರ್ಧ ಇಳಿದಂತೆ.

ವಿಮಾನದಲ್ಲಿ ಒಯ್ದರೆ ಸಾಮಾನಿನ ಮಿತಿ ಹಾಗೂ ಹೆಚ್ಚುವರಿ ಶುಲ್ಕದ ತಲೆನೋವು. ಸ್ವಂತ ಕಾರಿನಲ್ಲಿ ಹೊರಟರೆ ಹಿಮಗಟ್ಟಿದ ಘಟ್ಟದ ರಸ್ತೆಯ ಅಪಾಯ. ಈ ಎರಡೂ ಬೇಡವೆನ್ನುವವರಿಗೆ ಜಪಾನ್ ನಾಲ್ಕು ದಶಕಗಳ ಹಿಂದೆಯೇ ಮೂರನೆಯ ದಾರಿಯೊಂದನ್ನು ತೆರೆಯಿತು. ಪ್ರವಾಸಿಗ ರೈಲಿನಲ್ಲಿ ಬರಿಗೈಯಲ್ಲಿ ಹೋಗುವುದು, ಅವನ ಸಲಕರಣೆ ಲಾರಿಯಲ್ಲಿ ಮೊದಲೇ ಹೋಗಿ ವಸತಿಗೃಹದಲ್ಲಿ ಅವನಿಗಾಗಿ ಕಾಯುವುದು. ಈ ಸೇವೆಯ ಹೆಸರು ‘ಸ್ಕೀ ತಕ್ಯುಬಿನ್’.

ಹನ್ನೊಂದು ಪೊಟ್ಟಣಗಳಿಂದ ಆರಂಭ

ಸ್ಕೀ ಸಾಗಣೆಯ ಕಥೆ ಅರ್ಥವಾಗಬೇಕಾದರೆ ಜಪಾನಿನ ಮನೆಬಾಗಿಲ ಪಾರ್ಸೆಲ್ ಪದ್ಧತಿಯ ಹಿನ್ನೆಲೆ ತಿಳಿಯಬೇಕು. 1970ರ ದಶಕದವರೆಗೆ ಆ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ಪೊಟ್ಟಣ ಕಳುಹಿಸಲು ಇದ್ದ ಮಾರ್ಗಗಳು ಎರಡೇ: ಅಂಚೆ ಇಲಾಖೆ ಮತ್ತು ರಾಷ್ಟ್ರೀಯ ರೈಲ್ವೆ. ಅಂಚೆಯಲ್ಲಿ ಆರು ಕಿಲೋಗಿಂತ ಹೆಚ್ಚಿನ ತೂಕ ಸಲ್ಲದು. ಅದಕ್ಕೂ ಭಾರವಾದುದನ್ನು ಹಗ್ಗದಿಂದ ಬಿಗಿದು, ಚೀಟಿ ಕಟ್ಟಿ ರೈಲು ನಿಲ್ದಾಣಕ್ಕೆ ಒಯ್ಯಬೇಕಿತ್ತು. ಅದು ಯಾವ ದಿನ ತಲುಪೀತೆಂಬ ಖಾತರಿ ಇರಲಿಲ್ಲ.

1919ರಲ್ಲಿ ಸ್ಥಾಪನೆಗೊಂಡ ಯಮಾಟೊ ಸಾರಿಗೆ ಸಂಸ್ಥೆ ಈ ಕೊರತೆಯನ್ನು ಅವಕಾಶವಾಗಿ ಕಂಡಿತು. ಸಂಸ್ಥಾಪಕರ ಪುತ್ರ ಮಸಾವೊ ಒಗುರಾ ಅವರ ನೇತೃತ್ವದಲ್ಲಿ 1976ರ ಜನವರಿ 20ರಂದು ‘ತಕ್ಯುಬಿನ್’ ಹೆಸರಿನ ಸೇವೆ ಟೋಕಿಯೊ ಸುತ್ತಲಿನ ಕಾಂಟೊ ಪ್ರದೇಶದಲ್ಲಿ ಆರಂಭವಾಯಿತು. ಒಂದು ಫೋನ್ ಕರೆ ಮಾಡಿದರೆ ಸಾಕು. ಸಿಬ್ಬಂದಿ ಮನೆಗೇ ಬಂದು ಪೊಟ್ಟಣ ಪಡೆದು ಮರುದಿನ ವಿಳಾಸದಾರರ ಮನೆಗೆ ತಲುಪಿಸುತ್ತಿದ್ದರು. ಮೊದಲ ದಿನ ಬಂದ ಪೊಟ್ಟಣಗಳು ಕೇವಲ ಹನ್ನೊಂದು. ದೊಡ್ಡ ಕಾರ್ಖಾನೆಗಳ ಸರಕನ್ನು ಬಿಟ್ಟು ಗೃಹಿಣಿಯರ ಪೊಟ್ಟಣದ ಹಿಂದೆ ಹೋಗುವುದು ನಷ್ಟದ ಹಾದಿಯೆಂದು ಭಾವಿಸಿದವರೇ ಹೆಚ್ಚು. ಆ ಲೆಕ್ಕಾಚಾರವನ್ನು ಕಾಲ ಸುಳ್ಳಾಗಿಸಿತು.

ಪರ್ವತದ ಶಾಖೆಯಿಂದ ಬಂದ ಸಲಹೆ

ಸ್ಕೀ ಸಾಗಿಸುವ ಆಲೋಚನೆ ಮೊಳೆತದ್ದು ಟೋಕಿಯೊದ ಪ್ರಧಾನ ಕಚೇರಿಯಲ್ಲಲ್ಲ. ಹಿಮಪರ್ವತಗಳ ನಾಡಾದ ನಾಗಾನೊದ ಶಾಖೆಯಲ್ಲಿ. ರೈಲು, ಬಸ್ಸುಗಳಿಂದ ಉದ್ದನೆಯ ಚೀಲ ಹೊತ್ತು ಇಳಿಯುವ ಜನರನ್ನು ಪ್ರತಿ ಚಳಿಗಾಲದಲ್ಲೂ ಕಾಣುತ್ತಿದ್ದ ಸಿಬ್ಬಂದಿ, ಈ ಹೊರೆಯನ್ನು ನಾವೇ ಏಕೆ ಸಾಗಿಸಬಾರದು ಎಂಬ ಸಲಹೆ ಮುಂದಿಟ್ಟರು. 1983ರ ಡಿಸೆಂಬರ್‌ನಲ್ಲಿ ಸೇವೆ ಜಾರಿಗೆ ಬಂತು. ಮರುವರ್ಷವೇ ಗಾಲ್ಫ್ ಸಲಕರಣೆಗೂ ಇದೇ ಬಗೆಯ ಸೇವೆ ಸೇರಿಕೊಂಡಿತು.

ಕಾಲವೂ ಕೂಡಿಬಂದಿತ್ತು. ಒಮಿಯಾದಿಂದ ನಿಗಾಟಾಕ್ಕೆ ಜೊಯೆತ್ಸು ಶಿಂಕಾನ್‌ಸೆನ್ ಅತಿವೇಗದ ರೈಲು 1982ರ ನವೆಂಬರ್‌ನಲ್ಲಿ ಓಡತೊಡಗಿತ್ತು. 1985ರ ಅಕ್ಟೋಬರ್‌ನಲ್ಲಿ ಸುಮಾರು 11 ಕಿಲೋಮೀಟರ್ ಉದ್ದದ ಕಾನೆತ್ಸು ಸುರಂಗ ತೆರೆದು, ಟೋಕಿಯೊ ಭಾಗದ ಹೆದ್ದಾರಿ ಪರ್ವತ ಸಾಲನ್ನು ಸೀಳಿ ಹಿಮನಾಡನ್ನು ಮುಟ್ಟಿತು. ಜನರಿಗೆ ರೈಲು, ಸರಕಿಗೆ ಹೆದ್ದಾರಿ ಎಂಬ ವಿಂಗಡಣೆ ತಾನಾಗಿಯೇ ಸಿದ್ಧವಾಯಿತು. 1990ರ ಡಿಸೆಂಬರ್‌ನಲ್ಲಿ ಸ್ಕೀ ಇಳಿಜಾರಿನ ಬುಡದಲ್ಲೇ ಗಾಲಾ ಯುಜಾವಾ ನಿಲ್ದಾಣ ತೆರೆಯಿತು. 1998ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುನ್ನ, 1997ರ ಅಕ್ಟೋಬರ್‌ನಲ್ಲಿ ಶಿಂಕಾನ್‌ಸೆನ್ ನಾಗಾನೊ ನಗರವನ್ನೂ ತಲುಪಿತು. ಟೋಕಿಯೊದಲ್ಲಿ ಬೆಳಗಿನ ಉಪಾಹಾರ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮುನ್ನ ಹಿಮದ ಮೇಲಿರುವುದು ಈಗ ವಿಶೇಷವೇನಲ್ಲ.

ವ್ಯವಸ್ಥೆ ನಡೆಯುವ ಬಗೆ

ವಿಧಾನ ಸರಳ. ಸಲಕರಣೆಯನ್ನು ದಪ್ಪ ಹೊದಿಕೆಯ ಚೀಲದಲ್ಲಿ ಹಾಕಿ, ವಸತಿಗೃಹದ ವಿಳಾಸ ಹಾಗೂ ಅದನ್ನು ಬಳಸುವ ದಿನಾಂಕವನ್ನು ಚೀಟಿಯಲ್ಲಿ ನಮೂದಿಸಬೇಕು. ಸಿಬ್ಬಂದಿ ಮನೆಯಿಂದಲೇ ಒಯ್ಯುತ್ತಾರೆ. ಶಾಖೆಗೆ ಒಪ್ಪಿಸಲೂ ಅವಕಾಶವುಂಟು. ಸಂಜೆ ಪ್ರಾದೇಶಿಕ ಕೇಂದ್ರದಲ್ಲಿ ವಿಂಗಡಣೆ, ರಾತ್ರಿಯಿಡೀ ದೊಡ್ಡ ಲಾರಿಗಳಲ್ಲಿ ಪಯಣ, ಬೆಳಗ್ಗೆ ಪರ್ವತದ ತಪ್ಪಲಿನ ಕೇಂದ್ರದಲ್ಲಿ ಮತ್ತೆ ವಿಂಗಡಣೆ. ಅಲ್ಲಿಂದ ಸಣ್ಣ ವಾಹನಗಳು ಏರುದಾರಿಯಲ್ಲಿ ವಸತಿಗೃಹಗಳಿಗೆ ಮುಟ್ಟಿಸುತ್ತವೆ.

ಹೋಗುವಾಗಲೇ ಮರಳಿ ಬರುವ ಸಾಗಣೆಯನ್ನೂ ಕಾಯ್ದಿರಿಸಿದರೆ ದರದಲ್ಲಿ ರಿಯಾಯಿತಿ. ಆಟ ಮುಗಿದ ಬಳಿಕ ಒದ್ದೆ ಸಲಕರಣೆಯನ್ನು ವಸತಿಗೃಹದ ಕೌಂಟರಿಗೆ ಒಪ್ಪಿಸಿ ರೈಲು ಹತ್ತಬಹುದು. ಜಪಾನಿನ ಅಂಚೆ ಸಂಸ್ಥೆಯೂ ಇಂಥದೇ ಸ್ಕೀ ಪಾರ್ಸೆಲ್ ಸೇವೆ ನೀಡುತ್ತಿದೆ.

ಇಲ್ಲಿ ಅತಿಮುಖ್ಯವಾದ ನಿಯಮವೊಂದಿದೆ. ಸಲಕರಣೆ ಬಳಕೆಯ ದಿನ ತಲುಪಿದರೆ ಸಾಲದು, ಹಿಂದಿನ ದಿನವೇ ತಲುಪಿರಬೇಕು. ಮನೆಗೆ ಹೋಗುವ ಉಡುಗೊರೆ ಅರ್ಧ ದಿನ ತಡವಾದರೆ ಯಾರಿಗೂ ದೊಡ್ಡ ನಷ್ಟವಿಲ್ಲ. ಆದರೆ ಎರಡು ದಿನದ ರಜೆಯಲ್ಲಿ ಬಂದವನಿಗೆ ಸ್ಕೀ ಅರ್ಧ ದಿನ ತಡವಾದರೆ ಪ್ರವಾಸದ ಕಾಲುಭಾಗವೇ ಹೋಯಿತು. ಹೀಗಾಗಿ ಒಂದು ದಿನದ ಬಿಡುವು ಈ ವ್ಯವಸ್ಥೆಯ ಬೆನ್ನೆಲುಬು.

ಮಾತು ಉಳಿಸಿಕೊಂಡ ಪ್ರಸಂಗ

ಈ ಪಾಠ ಸುಲಭವಾಗಿ ಬಂದುದಲ್ಲ. ಸೇವೆಯ ಆರಂಭಿಕ ವರ್ಷಗಳಲ್ಲೇ ಭಾರೀ ಹಿಮಪಾತದಿಂದ ನಿಗಾಟಾ ಭಾಗದ ರಸ್ತೆಗಳು ಮುಚ್ಚಿ, ಸ್ಕೀ ತುಂಬಿದ ಲಾರಿಗಳು ದಾರಿಯಲ್ಲೇ ನಿಂತವು. ಗ್ರಾಹಕರು ರೈಲಿನಲ್ಲಿ ತಲುಪಿದರು, ಸಲಕರಣೆ ತಲುಪಲಿಲ್ಲ. ಹಿಮಪಾತ ದೈವಾಧೀನ, ಹೊಣೆ ನಮ್ಮದಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ಸಂಸ್ಥೆ ಹಾಗೆ ಮಾಡದೆ, ಗ್ರಾಹಕರು ಬಾಡಿಗೆಗೆ ಪಡೆದ ಸಲಕರಣೆ ಮತ್ತು ಕೊಳ್ಳಬೇಕಾಗಿ ಬಂದ ಉಡುಪಿನ ವೆಚ್ಚವನ್ನು ತಾನೇ ಭರಿಸಿತು. ಲಾಭಕ್ಕಿಂತ ಸೇವೆ ಮೊದಲು ಎಂಬ ಒಗುರಾ ಅವರ ನೀತಿಗೆ ಈ ಪ್ರಸಂಗವನ್ನು ಜಪಾನಿನ ವ್ಯವಹಾರ ವಲಯ ಇಂದಿಗೂ ಉದಾಹರಿಸುತ್ತದೆ.

ಹೆದ್ದಾರಿ, ಸುರಂಗ ಬಂದ ಮಾತ್ರಕ್ಕೆ ಹಿಮದ ಬಾಧೆ ತೊಲಗಲಿಲ್ಲ. 2020ರ ಡಿಸೆಂಬರ್ 16ರ ಸಂಜೆಯಿಂದ ಕಾನೆತ್ಸು ಹೆದ್ದಾರಿಯಲ್ಲಿ ಸುಮಾರು 2,100 ವಾಹನಗಳು ಹಿಮದಲ್ಲಿ ಸಿಲುಕಿ, ಎರಡು ರಾತ್ರಿಗಳ ನಂತರವಷ್ಟೇ ಪೂರ್ಣವಾಗಿ ಬಿಡುಗಡೆಗೊಂಡವು. ನೆರವಿಗೆ ಸ್ವರಕ್ಷಣಾ ಪಡೆಯನ್ನು ಕರೆಯಬೇಕಾಯಿತು. ಹೀಗಾಗಿ ಜನವರಿ, ಫೆಬ್ರವರಿಯ ತೀವ್ರ ಹಿಮದ ದಿನಗಳಲ್ಲಿ ನಿಗದಿತ ಅವಧಿಗಿಂತ ಒಂದೆರಡು ದಿನ ಮುಂಚಿತವಾಗಿ ಕಳುಹಿಸುವುದೇ ಜಾಣತನ.

ರೈಲಿನಲ್ಲಿ ತಾವೇ ಒಯ್ಯುವವರಿಗೆ

ಪಾರ್ಸೆಲ್ ವೆಚ್ಚ ಬೇಡವೆನ್ನುವವರಿಗೆ ರೈಲೂ ಮುಕ್ತವಾಗಿದೆ. ಜಪಾನಿನ ಜೆಆರ್ ರೈಲುಗಳಲ್ಲಿ ಪ್ರಯಾಣಿಕರೊಬ್ಬರು ಎರಡು ಸಾಮಾನುಗಳನ್ನು ಶುಲ್ಕವಿಲ್ಲದೆ ಒಯ್ಯಬಹುದು. ಪ್ರತಿಯೊಂದರ ತೂಕ 30 ಕಿಲೋ, ಉದ್ದ ಎರಡು ಮೀಟರ್, ಉದ್ದ-ಅಗಲ-ಎತ್ತರಗಳ ಮೊತ್ತ 250 ಸೆಂಟಿಮೀಟರ್ ಮೀರಬಾರದು. ಚೀಲದಲ್ಲಿಟ್ಟ ಸ್ಕೀ ಈ ಮಿತಿಯೊಳಗೆ ಬರುತ್ತದೆ. ತೊಡಕಿರುವುದು ನಿಯಮದಲ್ಲಲ್ಲ, ಜನಸಂದಣಿಯಲ್ಲಿ. ವಾರಾಂತ್ಯದ ಬೆಳಗಿನ ರೈಲಿನಲ್ಲಿ ಬೋಗಿಯ ಕೊನೆಯ ಸಾಲಿನ ಹಿಂದಿನ ಜಾಗ ಬೇಗನೆ ಭರ್ತಿಯಾಗುತ್ತದೆ.

ಉತ್ತರದ ಹೊಕ್ಕಾಯ್ಡೊ ದ್ವೀಪಕ್ಕೆ ಹೋಗುವವರು ದೂರವನ್ನೂ ಗಣಿಸಬೇಕು. 1988ರಲ್ಲಿ ತೆರೆದ 53.85 ಕಿಲೋಮೀಟರ್ ಉದ್ದದ ಸೈಕಾನ್ ಸುರಂಗದ ಮೂಲಕ 2016ರ ಮಾರ್ಚ್‌ನಿಂದ ಶಿಂಕಾನ್‌ಸೆನ್ ಹಕೊದಾತೆ ಸಮೀಪದವರೆಗೆ ಓಡುತ್ತಿದೆಯಾದರೂ, ನಿಸೆಕೊದಂಥ ಸ್ಕೀ ತಾಣಗಳು ಅಲ್ಲಿಂದ ಇನ್ನೂ ದೂರ. ಟೋಕಿಯೊದಿಂದ ಕಳುಹಿಸುವ ಪಾರ್ಸೆಲ್‌ಗೂ ಹೆಚ್ಚು ದಿನ ಬೇಕು.

ಕಳುಹಿಸುವ ಮುನ್ನ ಗಮನಿಸಿ

* ಹಲಗೆಗಳನ್ನು ಬುಡಕ್ಕೆ ಬುಡ ತಾಗುವಂತೆ ಜೋಡಿಸಿ ಎರಡು ಕಡೆ ಪಟ್ಟಿಯಿಂದ ಬಿಗಿಯಬೇಕು. ಇಲ್ಲದಿದ್ದರೆ ಉಕ್ಕಿನ ಅಂಚು ಚೀಲವನ್ನೇ ಸೀಳುತ್ತದೆ.
* ಕೈಗವಸು, ಉಣ್ಣೆ ಬಟ್ಟೆಗಳನ್ನು ಬಂಧಕಗಳ ಸುತ್ತ ತುರುಕಿದರೆ ಜಾಗವೂ ಉಳಿಯುತ್ತದೆ, ಪೆಟ್ಟೂ ತಗಲದು.
* ಬೂಟುಗಳ ಕೊಕ್ಕೆ ಹಾಕಿಯೇ ಇಡಬೇಕು. ತೆರೆದಿಟ್ಟರೆ ಪ್ಲಾಸ್ಟಿಕ್ ಆಕಾರಗೆಡುವ ಸಂಭವವಿದೆ.
* ಹಣ, ಔಷಧಿ, ಕನ್ನಡಕ ಮತ್ತು ಮೊದಲ ದಿನದ ಬೆಚ್ಚನೆಯ ಉಡುಪು ಜೊತೆಯಲ್ಲಿರಲಿ. ಪಾರ್ಸೆಲ್ ತಡವಾದರೂ ಪ್ರವಾಸ ಕೆಡದು.
* ಸಾಮಾನ್ಯ ತಕ್ಯುಬಿನ್ ಪೊಟ್ಟಣಕ್ಕೆ ಸಂಸ್ಥೆಯ ಹೊಣೆಗಾರಿಕೆಯ ಮಿತಿ ಮೂರು ಲಕ್ಷ ಯೆನ್. ಅದಕ್ಕೂ ದುಬಾರಿಯಾದುದನ್ನು ಪ್ರತ್ಯೇಕ ವಿಮೆಯಿಲ್ಲದೆ ಕಳುಹಿಸಬಾರದು.

ಹೊರೆ ಹೊರುವವರು ಯಾರು?

ಪ್ರವಾಸಿಗನ ಹೆಗಲಿನಿಂದ ಇಳಿದ ಹೊರೆ ಮಾಯವಾಗುವುದಿಲ್ಲ. ಅದು ಇನ್ನೊಬ್ಬರ ಹೆಗಲೇರುತ್ತದೆ. ಹಿಮದ ರಸ್ತೆಯಲ್ಲಿ ರಾತ್ರಿಯಿಡೀ ಲಾರಿ ನಡೆಸುವ ಚಾಲಕ, ಜಾರುವ ಮೆಟ್ಟಿಲುಗಳಲ್ಲಿ ಚೀಲ ಹೊತ್ತು ವಸತಿಗೃಹ ಸೇರುವ ಸಿಬ್ಬಂದಿ ಈ ಸೇವೆಯ ನಿಜವಾದ ಆಧಾರ. ಜಪಾನಿನಲ್ಲಿ ಲಾರಿ ಚಾಲಕರ ದೀರ್ಘ ದುಡಿಮೆ ಬಹುಕಾಲದ ಸಮಸ್ಯೆ. 2024ರ ಏಪ್ರಿಲ್‌ನಿಂದ ಅವರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಗಳ ಮಿತಿಯನ್ನು ಕಾನೂನು ವಿಧಿಸಿದೆ. ಚಾಲಕರ ಕೊರತೆ ಮೊದಲೇ ಕಾಡುತ್ತಿದ್ದ ದೇಶದಲ್ಲಿ ಇದರ ಪರಿಣಾಮ ಸರಕು ಸಾಗಣೆಯ ವೇಗ ಮತ್ತು ದರ ಎರಡರ ಮೇಲೂ ಆಗುವುದು ಅನಿವಾರ್ಯ.

ಇದನ್ನು ಸೇವೆಯ ಕುಸಿತವೆಂದು ಬಗೆಯಬೇಕಾಗಿಲ್ಲ. ಮರುದಿನವೇ ಎಲ್ಲವೂ ತಲುಪಬೇಕೆಂಬ ಹಟವನ್ನು ಗ್ರಾಹಕ ಸ್ವಲ್ಪ ಸಡಿಲಿಸಿದರೆ ಚಾಲಕನಿಗೆ ನಿದ್ದೆ ಸಿಗುತ್ತದೆ, ಹಿಮ ಸುರಿದ ದಿನ ಲಾರಿಯನ್ನು ತಡೆದು ನಿಲ್ಲಿಸುವ ಅವಕಾಶವೂ ಇರುತ್ತದೆ. ರಜೆಯ ದಿನಾಂಕ ವಾರಗಳ ಮೊದಲೇ ಗೊತ್ತಿರುವುದರಿಂದ, ಸಲಕರಣೆಯನ್ನು ಎರಡು ದಿನ ಮುಂಚಿತವಾಗಿ ಕಟ್ಟಿಡುವುದು ಪ್ರವಾಸಿಗನಿಗೆ ಕಷ್ಟದ ಕೆಲಸವೇನಲ್ಲ.