ಏಕಮತವೂ ಐಕಮತ್ಯವೂ

ಸಂಸ್ಕೃತ ವ್ಯಾಕರಣದಲ್ಲಿ ‘ಏಕಮತ’ವೆಂಬ ಶಬ್ದಕ್ಕೆ ಒಂದು ತದ್ಧಿತಪ್ರತ್ಯಯವನ್ನು ಹತ್ತಿಸಿದರೆ ‘ಐಕಮತ್ಯ’ವೆಂದಾಗುವುದು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಇದನ್ನು ಕಲಿಸಿದ ನಾವು, ಲೋಕದಲ್ಲಿಯೂ ಹೀಗೆಯೇ ನಡೆಯುವುದೆಂದು ಬಹುಕಾಲ ನಂಬಿದ್ದೆವು. ಕುಲಭಾಷೆಗಳು ಬೇರೆಯಾದರೂ ಪೂಜಿಸುವ ದೇವರು ಒಂದಾದರೆ ಜನರು ಕಲಹವಿಲ್ಲದೆ ಬಾಳುವರೆಂಬುದು ಅನೇಕರ ಅಭಿಪ್ರಾಯವೂ ಆಗಿದೆ. ಕಳಸದ ಸಮೀಪದ ಒಂದು ಕಾಫಿತೋಟದಲ್ಲಿ ನಮ್ಮ ಈ ವ್ಯಾಕರಣವು ಕೆಟ್ಟ ಬಗೆಯನ್ನು ವಾಚಕರಿಗೆ ಅರಿಕೆಮಾಡುತ್ತೇವೆ.

ಕಳಸವು ಭದ್ರಾತೀರದ ಪುಣ್ಯಕ್ಷೇತ್ರ. ಗಿರಿಜಾಕಲ್ಯಾಣಕ್ಕೆಂದು ಸರ್ವರೂ ಉತ್ತರದಲ್ಲಿ ನೆರೆಯಲು ಭೂಮಿಯು ಅತ್ತ ವಾಲಿತೆಂದೂ, ಅದನ್ನು ಸರಿದೂಗಿಸಲು ಅಗಸ್ತ್ಯರು ದಕ್ಷಿಣಕ್ಕೆ ಬಂದರೆಂದೂ ಸ್ಥಳಪುರಾಣವು ಹೇಳುವುದು. ಅಗಸ್ತ್ಯರ ತರುವಾಯ ಬಂದವರಿಗೆ ಲೆಕ್ಕವಿಲ್ಲ. ಗೌಡರು, ಬ್ರಾಹ್ಮಣರು, ಜೈನರು, ಮಲೆಕುಡಿಯರು ಇರುವ ಈ ಸೀಮೆಗೆ ಘಟ್ಟದ ಕೆಳಗಿನಿಂದ ತುಳುವರೂ ಬ್ಯಾರಿಗಳೂ ಕೊಂಕಣಿ ಕ್ರೈಸ್ತರೂ ಹತ್ತಿಬಂದರು. ತೋಟದ ಕೆಲಸಕ್ಕೆ ತಮಿಳರೂ ಮಲೆಯಾಳಿಗಳೂ ಬಂದರು.

ನಾವು ಹೇಳುವ ತೋಟದ ಲೈನಿನಲ್ಲಿ ಮೂವತ್ತು ಮನೆಗಳಿದ್ದವು. ಅರ್ಧ ತುಳುವರವು, ಅರ್ಧ ತಮಿಳರವು. ಇಬ್ಬರಿಗೂ ಸುಬ್ರಹ್ಮಣ್ಯನೇ ದೇವರು. ತುಳುವರಿಗೆ ಅವನು ಕುಕ್ಕೆಯ ನಾಗ. ತಮಿಳರಿಗೆ ನವಿಲೇರಿ ವೇಲನ್ನು ಹಿಡಿದ ಮುರುಗ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಷಷ್ಠಿಯ ಹಿಂದಿನ ಸಂಜೆ ತಮಿಳರು ನಾಗನ ಕಲ್ಲಿನ ಪಕ್ಕದಲ್ಲಿ ಒಂದು ವೇಲನ್ನು ನೆಟ್ಟರು. ಬೆಳಗಾಗುವುದರೊಳಗೆ ಅದು ಕಿತ್ತು ಬಿದ್ದಿತ್ತು; ಮಧ್ಯಾಹ್ನದ ವೇಳೆಗೆ ಇಬ್ಬರ ತಲೆಯೊಡೆದಿತ್ತು. ತೋಟದ ಧಣಿಗಳು ನಮಗೆ ಹೇಳಿಕಳುಹಿಸಿದರು.

ನಾವು ಹೋಗಿ ಕುಮಾರಸಂಭವದ ಕಥೆಯಿಂದ ತೊಡಗಿ, ನಾಗನೂ ಮುರುಗನೂ ಒಬ್ಬನೇ ಷಣ್ಮುಖನೆಂದು ಒಂದು ಗಂಟೆಯ ಕಾಲ ಪ್ರತಿಪಾದಿಸಿದೆವು. ಎಲ್ಲರೂ ಕೈಮುಗಿದು ಪ್ರಸಾದ ಸ್ವೀಕರಿಸಿದರು. ನಾವೂ ಹಿಗ್ಗಿನಿಂದ ಮನೆಗೆ ಮರಳಿದೆವು. ಮೂರನೆಯ ದಿನವೇ ಮತ್ತೆ ದೊಣ್ಣೆಗಳು ಮೇಲೆದ್ದವು.

ಆಗ ಒಬ್ಬ ತುಳು ಮುದುಕಿ ನಮ್ಮನ್ನು ಬದಿಗೆ ಕರೆದು, “ಮೇಷ್ಟ್ರೇ, ದೇವರ ವಿಷಯ ಚೆನ್ನಾಗಿ ಹೇಳಿದಿರಿ. ನಲ್ಲಿ ವಿಷಯ ಹೇಳುವವರು ಯಾರು?” ಎಂದಳು.

ವಿಚಾರಿಸಲಾಗಿ ತಿಳಿದುದಿಷ್ಟು. ಮೂವತ್ತು ಮನೆಗಳಿಗೆ ಒಂದೇ ನಲ್ಲಿ, ಅದೂ ತುಳುವರ ಸಾಲಿನ ತುದಿಯಲ್ಲಿ. ನೀರು ಬರುತ್ತಿದ್ದುದು ಬೆಳಗ್ಗೆ ಒಂದೇ ಗಂಟೆ. ತಮಿಳು ಹೆಂಗಸರಿಗೆ ಕೊಡ ತುಂಬುವ ಹೊತ್ತಿಗೆ ಹಾಜರಿ ಮುಗಿದು ಅರ್ಧ ದಿನದ ಕೂಲಿ ಹೋಗುತ್ತಿತ್ತು. ಬಳಿಕ ಧಣಿಗಳು ಕೊಳವೆಯನ್ನು ಲೈನಿನ ನಡುವಿಗೆ ತರಿಸಿದರು; ಯಾವ ಸಾಲಿಗೆ ಯಾವ ದಿನ ಮೊದಲ ಸರದಿಯೆಂದು ನಾವು ಒಂದು ಹಲಗೆಯ ಮೇಲೆ ಬರೆದುಕೊಟ್ಟೆವು. ಮರುವರ್ಷದ ಷಷ್ಠಿಗೆ ವೇಲು ನಾಗನ ಪಕ್ಕದಲ್ಲಿಯೇ ನಿಂತಿತು. ಆ ವರ್ಷ ನಮ್ಮ ಉಪನ್ಯಾಸವನ್ನು ಯಾರೂ ಕೇಳಲಿಲ್ಲ!

ಇದು ಒಂದು ಲೈನಿನ ಮಾತು ಮಾತ್ರವಲ್ಲ. ಕನ್ನಡಿಗರೂ ತಮಿಳರೂ ಕಾವೇರಿಯನ್ನು ತಾಯಿಯೆಂದೇ ಪೂಜಿಸುವರು. ಆದರೂ ನ್ಯಾಯಮಂಡಲಿಯ ಮಧ್ಯಂತರ ತೀರ್ಪಿನ ನಿಮಿತ್ತ 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆ ಅಂಗಡಿಗಳು ಉರಿದವು. ಏಕಮತವೊಂದನ್ನೇ ಅಡಿಗಲ್ಲಾಗಿಸಿ ಕಟ್ಟಿದ ಪಾಕಿಸ್ತಾನವು, ಬಂಗಾಳಿಗಳ ನುಡಿಗೂ ಮತಕ್ಕೂ ಮನ್ನಣೆ ದೊರೆಯದೆ 1971ರಲ್ಲಿ ಎರಡಾಯಿತು.

ಇದಕ್ಕೆ ಪ್ರತಿಯಾಗಿ ನಮ್ಮ ಕಳಸವನ್ನಾಳಿದ ಭೈರರಸರನ್ನು ನೋಡಿರಿ. ಅವರು ಜೈನರು, 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಆ ವಂಶದವನೇ. ಆದರೂ ಶೈವನಾದ ಕಳಸನಾಥನಿಗೆ ದತ್ತಿಗಳನ್ನು ಬಿಟ್ಟರು. ಬುಕ್ಕರಾಯನ ವಿವೇಕವಂತೂ ಇನ್ನೂ ದೊಡ್ಡದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವೊದಗಲು, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಅವನು ಸುಮ್ಮನಾಗಲಿಲ್ಲ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡತಕ್ಕದ್ದು; ಅದರಿಂದ ಬೆಳ್ಗೊಳದ ಕಾವಲಿಗೆ ಇಪ್ಪತ್ತು ಆಳುಗಳನ್ನು ತಿರುಮಲೆಯ ತಾತಯ್ಯನು ನೇಮಿಸತಕ್ಕದ್ದು; ಉಳಿದ ಹಣದಿಂದ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಯತಕ್ಕದ್ದು. ಜೈನರ ಕ್ಷೇತ್ರದ ಕಾವಲು ವೈಷ್ಣವನ ಹೊಣೆಯಾಯಿತು. ಹಣದ ಲೆಕ್ಕ ಸುಣ್ಣದವರೆಗೂ ಇದ್ದಿತು.

ಹಾಗಾದರೆ ಏಕಮತದಿಂದ ಪ್ರಯೋಜನವೇ ಇಲ್ಲವೆ? ಇದೆ. ಹೊರನಾಡಿನ ಅನ್ನಪೂರ್ಣೆಯ ಸನ್ನಿಧಿಯಲ್ಲಿ ಎಲ್ಲಿಂದಲೋ ಬಂದವರು ಉಂಡು ತೃಪ್ತರಾಗುವುದನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಗುರುತಿಲ್ಲದವರಿಗೆ ಕೂಡುವುದಕ್ಕೆ ಮತವು ಒಂದು ನೆಪವನ್ನೊದಗಿಸುವುದು. ಆದರೆ ಕೂಡಿದ ಮೇಲೆ ಎಲೆ ಎಲ್ಲಿ ಬೀಳುವುದೆಂಬುದು ಬೇರೆ ಪ್ರಶ್ನೆ. ನಮ್ಮ ಬಾಲ್ಯದಲ್ಲಿ ಷಷ್ಠಿಯ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದ ಕೂಲಿಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಅಂಗಳದಾಚೆ, ಕೊಟ್ಟಿಗೆಯ ಹಿಂದೆ ಎಲೆ ಹಾಕುತ್ತಿದ್ದರು. ದೇವರು ಅದೇ, ಪಾಯಸವೂ ಅದೇ. ಎಲೆ ಹಾಕುತ್ತಿದ್ದ ಹುಡುಗರು ನಾವೇ. ಅವರಲ್ಲೊಬ್ಬನು ನಮ್ಮ ಸಹಪಾಠಿ. ತಲೆಯೆತ್ತದೆ ಉಂಡು ಹೋದನು, ಮರುವರ್ಷ ಬರಲಿಲ್ಲ. ಆ ದಿನ ಆ ಹುಡುಗನಿಗೆ ಏಕಮತವು ಏನನ್ನು ಕೊಟ್ಟಿತು?

ಈಗ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದಲೂ ಝಾರ್ಖಂಡದಿಂದಲೂ ಜನ ಬರುತ್ತಿರುವರು. ಅವರಲ್ಲಿ ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಉಂಟು. ಅಸ್ಸಾಮಿನ ಮುಸಲ್ಮಾನರೂ ನಮ್ಮ ಬ್ಯಾರಿಗಳೂ ಶುಕ್ರವಾರ ಒಂದೇ ಮಸೀದಿಗೆ ಹೋಗುವುದನ್ನು ಕಾಣುತ್ತೇವೆ. ಹೊರಗೆ ಬಂದೊಡನೆ ಎರಡು ಗುಂಪಾಗುವುದನ್ನೂ ಕಾಣುತ್ತೇವೆ. ಮೊನ್ನೆ ಆ ಹಳೆಯ ಲೈನಿನ ಕಡೆಗೆ ಹೋಗಿದ್ದೆವು. ನಲ್ಲಿಯ ಬಳಿ ಝಾರ್ಖಂಡದ ಹೆಂಗಸರು ಕೊಡಗಳನ್ನು ಹಿಡಿದು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಸರದಿಯ ಹಲಗೆ ಇನ್ನೂ ಅಲ್ಲಿಯೇ ಇದೆ, ನಮ್ಮದೇ ಕನ್ನಡ ಅಕ್ಷರಗಳಲ್ಲಿ; ಅವರ ಮನೆಗಳ ಸಾಲು ಅದರಲ್ಲಿ ಇಲ್ಲ. ರೈಟರನ್ನು ಕರೆದು ಆ ಸಾಲನ್ನೂ ಸೇರಿಸಿ, ಹಿಂದಿಯಲ್ಲಿಯೂ ಬರೆಸುವಂತೆ ಹೇಳಿಬಂದೆವು.