ಫ್ಯಾಟ್ ನೋಡುವುದು ಹಾಲಿಗಷ್ಟೇ ಸಾಕೆ?



ಡೇರಿಯಲ್ಲಿ ದಿನಕ್ಕೆ ಎರಡು ಸಲ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಕೇಳುತ್ತೀರಿ. ಸ್ವಲ್ಪ ಇಳಿದರೂ ಕಾರಣ ಹುಡುಕುತ್ತೀರಿ. ಆದರೆ ನಿಮ್ಮ ಬಿಪಿ ಎಷ್ಟು, ಶುಗರ್ ಎಷ್ಟು ಎಂದರೆ ಬಹಳ ಮಂದಿ ಸುಮ್ಮನಾಗುತ್ತೀರಿ. ನಾನು ದನದ ಡಾಕ್ಟರ್, ನಿಮಗೆ ಔಷಧಿ ಬರೆಯುವಂತಿಲ್ಲ. ಆದರೆ ಈ ಮಾತು ಹೇಳಲೇಬೇಕು.

ನಿಮಗೆ ಗೊತ್ತಿರುವ ಹಸುವಿನಿಂದಲೇ ಶುರು ಮಾಡೋಣ. ಹಾಲು ಬತ್ತಿಸಿದ ಎರಡು ತಿಂಗಳಲ್ಲಿ ಗಬ್ಬದ ಹಸು ಮಿತಿಮೀರಿ ಕೊಬ್ಬಿದರೆ, ಕರು ಹಾಕಿದ ಮೇಲೆ ಮೇವು ಕಡಿಮೆ ಮಾಡುತ್ತದೆ. ಮೈಯ ಕೊಬ್ಬು ಕರಗಿ ಲಿವರ್‌ನಲ್ಲಿ ತುಂಬುತ್ತದೆ, ಕೀಟೋಸಿಸ್ ಬರುತ್ತದೆ, ಹಾಲು ಇಳಿಯುತ್ತದೆ. ಮೈ ತುಂಬಿದ ಹಸುವೆಲ್ಲ ಆರೋಗ್ಯವಾಗಿದೆ ಎನ್ನುವಂತಿಲ್ಲ. ಮನುಷ್ಯರ ಕಾಯಿಲೆ ಬೇರೆ, ಆದರೂ ಪಾಠ ಒಂದೇ: ಹೆಚ್ಚಾದ ಕೊಬ್ಬು ಒಳಗೆ ಸುಮ್ಮನೆ ಕೂರುವುದಿಲ್ಲ.

ನಮ್ಮಲ್ಲಿ ಅಪಾಯ ಹೆಚ್ಚಿರುವುದು ಹೊಟ್ಟೆಯೊಳಗಿನ ಕೊಬ್ಬಿನಿಂದ. ಅದು ಹೆಚ್ಚಾದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಸಕ್ಕರೆ, ಕೊಬ್ಬು ಏರುತ್ತವೆ, ಬಿಪಿಯೂ ಏರುತ್ತದೆ. ಇವು ಒಟ್ಟಿಗೆ ಬಂದರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇದಕ್ಕೆ ನೋವಿಲ್ಲ, ಜ್ವರವಿಲ್ಲ. ಆದರೆ ಸಕ್ಕರೆ ಕಾಯಿಲೆ, ಹೃದಯಾಘಾತ, ಲಕ್ವ ಮೂರಕ್ಕೂ ಇದು ದಾರಿ.

ಹೆಣ್ಣುಮಕ್ಕಳಿಗೆ ಈ ಐದರಲ್ಲಿ ಮೂರು ಇದ್ದರೆ ಆ ಹೆಸರು ಬರುತ್ತದೆ:

1. ಸೊಂಟದ ಸುತ್ತಳತೆ 80 ಸೆಂ.ಮೀ. ಅಥವಾ ಹೆಚ್ಚು (ಸುಮಾರು ಮೂವತ್ತೊಂದೂವರೆ ಇಂಚು)
2. ಬಿಪಿ 130/85 ಅಥವಾ ಹೆಚ್ಚು
3. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು
4. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು
5. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 50ಕ್ಕಿಂತ ಕಡಿಮೆ

ಬಿಪಿಗೋ ಶುಗರ್‌ಗೋ ಈಗಾಗಲೇ ಮಾತ್ರೆ ತಿನ್ನುತ್ತಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಮೊದಲನೆಯದನ್ನು ಮನೆಯಲ್ಲೇ ನೋಡಬಹುದು. ಹಸುವಿನ ತೂಕ ಅಂದಾಜು ಮಾಡಲು ನಾವು ಎದೆಗೆ ಟೇಪು ಸುತ್ತುತ್ತೇವಲ್ಲ, ಹಾಗೆಯೇ. ಟೈಲರ್ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ಬಸುರಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ಬಸುರಿನಲ್ಲಿ ನಿಮಗೆ ಶುಗರ್ ಬಂದಿದ್ದರೆ, ಮುಟ್ಟು ನಿಂತಿದ್ದರೆ ಇನ್ನೂ ಎಚ್ಚರ ಬೇಕು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಪೇಟೆಯವರ ಕಾಯಿಲೆ ಎನ್ನುವ ಕಾಲ ಹೋಯಿತು.

“ಬೆಳಗಿನಿಂದ ರಾತ್ರಿವರೆಗೂ ದುಡಿಯುತ್ತೇವಲ್ಲ ಸಾರ್, ನಮಗೆಲ್ಲಿ ಬರುತ್ತೆ?” ಎಂದು ಕೇಳುವಿರಿ. ದುಡಿಮೆ ನಿಜ, ಆದರೆ ಅದರ ರೀತಿ ಬದಲಾಗಿದೆ. ಕುದಾಪುರದ ಸುತ್ತಲಿನ ಕಾವಲಿನಲ್ಲಿ ದನದ ಹಿಂದೆ ನಡೆಯುತ್ತಿದ್ದ ಕಡೆ ಈಗ ವಿಜ್ಞಾನ ಸಂಸ್ಥೆ, ಡಿಆರ್‌ಡಿಒಗಳ ಕಾಂಪೌಂಡ್ ಇದೆ. ಮಿಶ್ರತಳಿ ಹಸು ಕೊಟ್ಟಿಗೆಯಲ್ಲೇ ಇರುತ್ತದೆ. ಅದರ ಕೆಲಸ ಬಗ್ಗುವುದು, ಎತ್ತುವುದು. ದೂರದ ನಡಿಗೆ ಕಡಿಮೆ. ಊಟವೂ ಬದಲಾಗಿದೆ. ನವಣೆ, ಸಾಮೆ ಇದ್ದ ತಟ್ಟೆಯಲ್ಲಿ ಅನ್ನ ತುಂಬಿದೆ. ಟೀ ಲೆಕ್ಕ ಹಾಕಿ: ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಲೋಟವಾದರೆ ತಿಂಗಳಿಗೆ ಒಂದು ಕಿಲೋಗೂ ಹೆಚ್ಚು ಸಕ್ಕರೆ, ಒಬ್ಬರಿಗೇ!

ಹಸುವಿಗೆ ಪಡಿ ಅಳೆದು ಹಾಕುವಂತೆ ನಮ್ಮ ತಟ್ಟೆಗೂ ಅಳತೆ ಇರಲಿ:

• ಅನ್ನವೋ ಮುದ್ದೆಯೋ ಕಡಿಮೆ ಮಾಡಿ, ಅಷ್ಟೇ ಜಾಗಕ್ಕೆ ಸೊಪ್ಪು, ತರಕಾರಿ, ಕಾಳು ಹಾಕಿ. ಮುದ್ದೆಯಾದರೂ ಮಿತಿ ಬೇಕು.
• ಹಾಲೆಲ್ಲ ಡೇರಿಗೆ ಹಾಕಿಬಿಡಬೇಡಿ. ಮನೆಗೆ ಸ್ವಲ್ಪ ಉಳಿಸಿ ಮೊಸರು, ಮಜ್ಜಿಗೆ ಮಾಡಿ. ಸಕ್ಕರೆ ಬೇಡ.
• ಚಳ್ಳಕೆರೆ ಕಡಲೆಕಾಯಿ ಎಣ್ಣೆ ಒಳ್ಳೆಯದೇ. ಆದರೂ ಒಬ್ಬರಿಗೆ ತಿಂಗಳಿಗೆ ಮುಕ್ಕಾಲು ಲೀಟರ್ ದಾಟದಿರಲಿ.
• ಉಪ್ಪು ದಿನಕ್ಕೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಅದರಲ್ಲೇ ಸೇರಿರಲಿ.
• ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಉಪವಾಸ ಮಾಡಿ ಒಮ್ಮೆಲೇ ಇಳಿಸುವ ಅಗತ್ಯವಿಲ್ಲ. ತೂಕ ಹೆಚ್ಚಿರುವ 70 ಕಿಲೋದವರು ನಿಧಾನವಾಗಿ ನಾಲ್ಕೈದು ಕಿಲೋ ಇಳಿಸಿದರೂ ಸಕ್ಕರೆ ಕಾಯಿಲೆಯ ಅಪಾಯ ಚೆನ್ನಾಗಿ ತಗ್ಗುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆ ಸೊಂಟದ ಅಳತೆ ಕೇಳಿ ಬಂದಾಗ ನಾಚಿಕೆಪಟ್ಟು ಹಿಂದೆ ಸರಿಯಬೇಡಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಒಂದು ವಿಷಯ ಎತ್ತಿ: ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಗೇ ಕರೆಸಿ. ಆ ಹೊತ್ತಿಗೆ ಎಲ್ಲರೂ ಒಂದೇ ಕಡೆ ಸೇರಿರುತ್ತೀರಿ. ಏನೂ ತಿನ್ನದೆ ಕುಡಿಯದೆ ಬಂದರೆ ಖಾಲಿ ಹೊಟ್ಟೆಯ ಶುಗರ್ ಕೂಡ ಅಲ್ಲೇ ನೋಡಿಬಿಡಬಹುದು.

– ಪಶುವೈದ್ಯಾಧಿಕಾರಿ