ಓಡಿಸುವ ಮೊದಲು ನಿಲ್ಲಿಸುವುದನ್ನು ಕಲಿಸುವ ಟ್ರ್ಯಾಕ್

ರೇಸ್ ಕಾರು ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಟಿ.ವಿ.ಯಲ್ಲಿ ಕಂಡ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಕಿವಿಗಡಚಿಕ್ಕುವ ಸದ್ದಿನ ಬಣ್ಣಬಣ್ಣದ ಕಾರು. ‘ಇದೆಲ್ಲ ದುಡ್ಡಿದ್ದವರ ಶೋಕಿ, ನಮ್ಮ ಮನೆಗೂ ಇದಕ್ಕೂ ಏನು ಸಂಬಂಧ?’ ಎಂದು ನೀವು ಪುಟ ತಿರುವಿ ಹಾಕಬಹುದು. ಸ್ವಲ್ಪ ತಾಳಿ. ನಿಮ್ಮ ಮನೆಯಲ್ಲಿ ಹದಿನಾರೋ ಹದಿನೇಳೋ ವಯಸ್ಸಿನ ಮಗನಿದ್ದರೆ, ಅಪ್ಪನ ಬೈಕಿನ ಕೀಲಿ ಆಗಾಗ ಅವನ ಕೈಗೆ ಹೋಗುತ್ತಿದ್ದರೆ, ಈ ಮಾತು ನಿಮ್ಮ ಮನೆಯದೇ ಮಾತು.

ಕುಂದಗೋಳ ತಾಲೂಕಿನ ನಮ್ಮ ಯರಗುಪ್ಪಿಯಂಥ ಊರುಗಳಲ್ಲಿ ಒಂದು ಕಾಲಕ್ಕೆ ಮನೆಯ ಮುಂದೆ ಎತ್ತಿನ ಗಾಡಿ ನಿಂತಿರುತ್ತಿತ್ತು. ಇಂದು ಅದೇ ಜಾಗದಲ್ಲಿ ಬೈಕ್ ನಿಂತಿದೆ. ಹೊಲಕ್ಕೆ ಬುತ್ತಿ ಒಯ್ಯಲು, ಕಾಲೇಜಿಗೆ ಹೋಗಲು, ರೋಗಿಯನ್ನು ಹುಬ್ಬಳ್ಳಿಯ ದವಾಖಾನೆಗೆ ಮುಟ್ಟಿಸಲು ಬೈಕೇ ಬೇಕು. ಅದು ಬೇಡವೆಂದು ಯಾರೂ ಹೇಳಲಾರರು. ಆದರೆ ಗಾಡಿ ಹೂಡುವುದನ್ನು ಅಪ್ಪ ಮಗನಿಗೆ ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ. ಬೈಕನ್ನು ಹುಡುಗ ತನ್ನ ಓರಗೆಯ ಹುಡುಗನಿಂದ ಕಲಿಯುತ್ತಾನೆ. ವೇಗ ಮನೆಯೊಳಗೆ ಬಂದಿತು, ಅದನ್ನು ಕಲಿಸುವ ಗುರು ಬರಲಿಲ್ಲ.

ಆ ಗುರು ಇರುವ ಒಂದು ಜಾಗವೆಂದರೆ, ಆಶ್ಚರ್ಯವೆನಿಸಿದರೂ, ರೇಸ್ ಟ್ರ್ಯಾಕ್.

ನಿವೃತ್ತ ಕಾರುಗಳ ಎರಡನೆಯ ಬದುಕು

ನಮ್ಮ ಭಾಗದವರಿಗೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಗೊತ್ತು. ಓಟದ ಎತ್ತುಗಳನ್ನು ರೈತರು ಮಕ್ಕಳಂತೆ ಸಾಕುತ್ತಾರೆ. ವಯಸ್ಸಾಗಿ ಸ್ಪರ್ಧೆಗೆ ಬಾರದ ಎತ್ತಿಗೂ ದಾರಿ ಗೊತ್ತಿರುತ್ತದೆ, ಹಗ್ಗದ ಸೂಚನೆ ಗೊತ್ತಿರುತ್ತದೆ. ರೇಸ್ ಕಾರಿನ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ. ಸ್ಪರ್ಧೆಯ ನಿಯಮ ಬದಲಾದಾಗ ಅಥವಾ ಹೊಸ ಮಾದರಿ ಬಂದಾಗ ಹಳೆಯ ಕಾರು ಗೆಲ್ಲುವ ಓಟದಿಂದ ಹಿಂದೆ ಸರಿಯುತ್ತದೆ. ಆದರೆ ಅದರ ಎಂಜಿನ್, ಬ್ರೇಕ್, ಚೌಕಟ್ಟು ಗಟ್ಟಿಯಾಗಿಯೇ ಇರುತ್ತವೆ. ಇಂಥ ಕಾರುಗಳಲ್ಲಿ ಕೆಲವು ರೇಸಿಂಗ್ ಶಾಲೆಗಳಿಗೆ ಹೋಗುತ್ತವೆ. ಇನ್ನು ಕೆಲವನ್ನು ಶುಲ್ಕ ಕೊಟ್ಟು ಬರುವ ಸಾಮಾನ್ಯ ಜನರಿಗೆ ಟ್ರ್ಯಾಕಿನ ಮೇಲೆ ಕೆಲವು ಸುತ್ತು ಓಡಿಸಲು ಕೊಡುತ್ತಾರೆ. ಇದನ್ನು ‘ಟ್ರ್ಯಾಕ್ ಡೇ’ ಎನ್ನುತ್ತಾರೆ.

ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಇಂಥ ದಿನಗಳು ಬಹಳ ಜನಪ್ರಿಯ. ಆ ಟ್ರ್ಯಾಕ್ ಮೊದಲು ಎರಡನೆಯ ಮಹಾಯುದ್ಧದ ವಿಮಾನ ನಿಲ್ದಾಣವಾಗಿತ್ತು. ನಮ್ಮ ದೇಶದಲ್ಲೂ ಕಾರ್ ರೇಸ್ ಬೆಳೆದದ್ದು ಹೀಗೆಯೇ, ಚೆನ್ನೈ ಹತ್ತಿರದ ಶೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ. ಎನ್‌ಸೈನ್ ಎಂಬ ವಿದೇಶಿ ತಂಡದ ಹಳೆಯ ಫಾರ್ಮುಲಾ ಒನ್ ಕಾರೊಂದು 1980ರ ದಶಕದಲ್ಲಿ ಅಲ್ಲಿ ಓಡಿತ್ತು. ಅದನ್ನು ಓಡಿಸಿದವರು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ. ಅಂದರೆ ಆಗ ನಿವೃತ್ತ ರೇಸ್ ಕಾರು ಓಡಿಸಲು ಅದನ್ನು ಕೊಳ್ಳುವಷ್ಟು ಶ್ರೀಮಂತರಾಗಿರಬೇಕಿತ್ತು.

ಇದನ್ನು ಬದಲಾಯಿಸಿದವರಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಮುಖ್ಯರು. 1980ರ ದಶಕದ ಕೊನೆಯಲ್ಲಿ ಅವರು ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಸೀಟಿನ ರೇಸ್ ಕಾರನ್ನು ಇಲ್ಲಿಯೇ ಕಟ್ಟಿದರು. ಅದರಲ್ಲಿದ್ದದ್ದು ಯಾವ ಎಂಜಿನ್ ಗೊತ್ತೇ? ನಿಮ್ಮ ಓಣಿಯಲ್ಲಿ ಓಡಾಡಿದ ಮಾರುತಿ 800 ಕಾರಿನ 796 ಸಿಸಿ ಎಂಜಿನ್! ಛಾವಣಿ, ಬಾಗಿಲು, ಹಿಂದಿನ ಸೀಟು ಎಲ್ಲವನ್ನೂ ಬಿಟ್ಟು ಭಾರ ಇಳಿಸಿದರೆ ಅದೇ ಸಣ್ಣ ಎಂಜಿನ್ ಎಷ್ಟು ಚುರುಕಾಗುತ್ತದೆ ಎಂಬುದನ್ನು ಅವರು ತೋರಿಸಿದರು. 2005ರಲ್ಲಿ ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ತಮ್ಮ ರೇಸ್ ಜೀವನವನ್ನು ಆರಂಭಿಸಿದ್ದು ಈ ಫಾರ್ಮುಲಾ ಮಾರುತಿಯಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಕೊಯಮತ್ತೂರಿನ ಬಳಿ ಆರಂಭವಾದ 2.1 ಕಿ.ಮೀ. ಉದ್ದದ ಟ್ರ್ಯಾಕಿಗೆ ಅವರದೇ ಹೆಸರು: ಕರಿ ಮೋಟಾರ್ ಸ್ಪೀಡ್‌ವೇ. ಇದಕ್ಕೂ ಮೊದಲು, 1990ರಲ್ಲಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್ ಶುರುವಾಗಿತ್ತು. ಕರ್ನಾಟಕದ ರೇಸ್ ಪ್ರಿಯರು ಹೆಚ್ಚಾಗಿ ಹೋಗುವುದು ಈ ಎರಡು ಕಡೆಗೆ. ಮಾರುತಿ ಎಂಜಿನ್ನಿನ ನಂತರ ಬಂದ ಫಾರ್ಮುಲಾ ಎಲ್‌ಜಿಬಿ ಕಾರುಗಳಲ್ಲಿ ಸ್ವಿಫ್ಟ್ ಕಾರಿನ 1300 ಸಿಸಿ ಎಂಜಿನ್ ಇದೆ. ಇಂಥ ಕಾರುಗಳಲ್ಲಿಯೇ ಅಲ್ಲಿ ಹೊಸಬರು ಕಲಿಯುತ್ತಾರೆ.

ಅಲ್ಲಿ ಏನು ನಡೆಯುತ್ತದೆ?

ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದಾನೆ. ಗೆಳೆಯರ ಜೊತೆ ಕೂಡಿ, ತಿಂಗಳುಗಟ್ಟಲೆ ಹಣ ಉಳಿಸಿ, ತಮಿಳುನಾಡಿನ ಟ್ರ್ಯಾಕಿಗೆ ಹೋಗಿ ಹಳೆಯ ಫಾರ್ಮುಲಾ ಕಾರು ಓಡಿಸಿ ಬಂದಿದ್ದಾನೆ. ಈದ್‌ಗೆ ಊರಿಗೆ ಬಂದಾಗ ನಾನು ಕೇಳಿದೆ, “ಎಷ್ಟು ಜೋರು ಓಡಿಸಿದೆ?” ಅವನ ಉತ್ತರ ಬೇರೆಯೇ ಆಗಿತ್ತು.

“ಸರ್, ನಾವು ಹೋಗಿದ್ದು ಜೋರ್ ಓಡಸಾಕ್ರಿ. ಅವರು ಅರ್ಧಾ ದಿನ ನಮಗ ನಿಲ್ಲಸೂದನ್ನ ಕಲಿಸಿದ್ರು!”

ನೀವೇ ಅಲ್ಲಿಗೆ ಹೋಗಿದ್ದೀರಿ ಎಂದುಕೊಳ್ಳಿ. ಮೊದಲು ನಿಮ್ಮನ್ನು ಒಂದು ಕೋಣೆಯಲ್ಲಿ ಕೂಡಿಸಿ ಪಾಠ ಹೇಳುತ್ತಾರೆ. ಬಾವುಟಗಳ ಅರ್ಥ ತಿಳಿಸುತ್ತಾರೆ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ನಿಧಾನಿಸಬೇಕು, ಯಾರನ್ನೂ ಹಿಂದಿಕ್ಕಬಾರದು. ನೀಲಿ ಕಂಡರೆ ಹಿಂದೆ ವೇಗದ ಕಾರು ಬರುತ್ತಿದೆ, ದಾರಿ ಬಿಡಬೇಕು. ಕೆಂಪು ಕಂಡರೆ ಓಟ ನಿಂತಿತು. ಅಪಾಯದ ಹೊಣೆ ಒಪ್ಪಿಕೊಂಡ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಬಳಿಕ ಬೆಂಕಿಗೆ ಬೇಗ ಸುಡದ ಉಡುಪು, ಕೈಗವಸು, ಹೆಲ್ಮೆಟ್. ಇವಿಲ್ಲದೆ ಯಾರಿಗೂ ಟ್ರ್ಯಾಕಿನ ಮೇಲೆ ಕಾಲಿಡಲು ಬಿಡುವುದಿಲ್ಲ. ‘ಇಲ್ಲೇ ಹೋಗಿ ಬರ್ತೀನಿ’ ಎಂಬ ಮಾತು ಅಲ್ಲಿ ನಡೆಯದು.

ಕಾರಿನೊಳಗೆ ಇಳಿಯುವುದೇ ಒಂದು ಕೆಲಸ. ಬಾಗಿಲಿಲ್ಲ, ಮೇಲಿನಿಂದ ಕಾಲು ಇಳಿಬಿಟ್ಟು ಹೆಚ್ಚು ಕಡಿಮೆ ಮಲಗಿದಂತೆ ಕೂಡಬೇಕು. ಎರಡು ಹೆಗಲು, ಸೊಂಟ, ತೊಡೆಗಳ ನಡುವೆ ಹಾಯುವ ಪಟ್ಟಿಗಳನ್ನು ಬಿಗಿದರೆ ಕೈಕಾಲು, ಕುತ್ತಿಗೆ ಬಿಟ್ಟು ಬೇರೇನೂ ಅಲುಗುವುದಿಲ್ಲ. ತಲೆಯ ಹಿಂದೆ ಕಬ್ಬಿಣದ ಕಮಾನು ಇರುತ್ತದೆ, ಕಾರು ಮಗುಚಿದರೆ ತಲೆ ಕಾಯಲು. ಪವರ್ ಸ್ಟೀರಿಂಗ್ ಇಲ್ಲ. ಬ್ರೇಕಿಗೆ ಮನೆಯ ಕಾರಿನಲ್ಲಿರುವ ಸಹಾಯಕ ವ್ಯವಸ್ಥೆಯೂ ಸಾಮಾನ್ಯವಾಗಿ ಇರುವುದಿಲ್ಲ, ಕಾಲಿನ ಪೂರ್ತಿ ಬಲ ಹಾಕಿ ಒತ್ತಬೇಕು. ರೇಸಿಗೆಂದೇ ಮಾಡಿದ ಟೈರು ಬಿಸಿಯಾಗುವವರೆಗೆ ಹಿಡಿತ ಕೊಡುವುದಿಲ್ಲ. ಆದ್ದರಿಂದ ಮೊದಲ ಸುತ್ತುಗಳು ನಿಧಾನವೇ.

ತಿರುವಿನ ಪಾಠ ಎಲ್ಲಕ್ಕಿಂತ ದೊಡ್ಡದು. ಬ್ರೇಕ್ ಹಾಕುವುದು ನೇರ ದಾರಿಯಲ್ಲೇ ಮುಗಿಯಬೇಕು, ಆಮೇಲೆ ತಿರುಗಬೇಕು, ತಿರುವು ಬಿಚ್ಚಿಕೊಂಡ ಮೇಲೆಯೇ ಎಕ್ಸಲರೇಟರ್ ಒತ್ತಬೇಕು. ಕಾರಣ ಸರಳ. ಟೈರಿಗೆ ಇರುವ ಹಿಡಿತಕ್ಕೆ ಒಂದು ಮಿತಿಯಿದೆ. ಅದನ್ನು ಪೂರ್ತಿ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ತಿರುವಿನ ನಡುವೆ ಹೆದರಿ ಬ್ರೇಕ್ ಒತ್ತಿದವನ ಗಾಡಿ ಜಾರುವುದು ಇದಕ್ಕೇ. ಎಲ್ಲಿ ಬ್ರೇಕ್ ಹಾಕಬೇಕು ಎಂದು ತೋರಿಸಲು ದಾರಿ ಬದಿಯಲ್ಲಿ ಗುರುತು ಇಟ್ಟಿರುತ್ತಾರೆ. ಮುಂದೆ ತರಬೇತಿದಾರರ ಕಾರು ಹೋಗುತ್ತದೆ, ಕಲಿಯುವವರು ಅದರ ಹಿಂದೆಯೇ ಸಾಗುತ್ತಾರೆ. ಅನುಮತಿ ಇಲ್ಲದೆ ಹಿಂದಿಕ್ಕುವಂತಿಲ್ಲ. ದಾರಿ ತಪ್ಪಿದ ಕಾರಿಗೆ ನಿಲ್ಲಲು ಪಕ್ಕದಲ್ಲಿ ಬಯಲು ಇದೆ. ಅಂಬ್ಯುಲೆನ್ಸ್ ಸಿದ್ಧವಾಗಿರುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಆ ಹುಡುಗ ಸುಮ್ಮನಾಗಿ ಮತ್ತೆ ಹೇಳಿದ: “ಮೊದಲ ಊರಾಗ ಬೈಕ್ ಹ್ಯಾಂಗ್ ಓಡಸ್ತಿದ್ದೆ ಅಂತ ನೆನಸಿಕೊಂಡ್ರ ಈಗ ಹೆದರಿಕಿ ಆಗತೈತ್ರಿ ಸರ್.”

ನಮ್ಮ ರಸ್ತೆಯಲ್ಲಿ ಏನಿದೆ?

ಈಗ ನಮ್ಮ ರಸ್ತೆಯನ್ನು ನೋಡಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದ ಎರೆಮಣ್ಣು ಡಾಂಬರಿನ ಮೇಲೆ ಸಾಬೂನಿನಂತೆ ಜಾರುತ್ತದೆ. ಸುಗ್ಗಿಯಲ್ಲಿ ಒಕ್ಕಲೆಂದು ರಸ್ತೆಯ ಮೇಲೆಯೇ ಹಾಸಿದ ಕಾಳಿನ ರಾಶಿ. ತಿರುವಿನಾಚೆ ಎಮ್ಮೆ, ಕುರಿಹಿಂಡು, ಶಾಲೆ ಬಿಟ್ಟು ಬರುವ ಮಕ್ಕಳು. ಇಲ್ಲಿ ಬಾವುಟ ತೋರಿಸುವವರಿಲ್ಲ, ಬದಿಯಲ್ಲಿ ಬಯಲಿಲ್ಲ.

ಲೆಕ್ಕವನ್ನೂ ಒಮ್ಮೆ ನೋಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. 20 ಕಿ.ಮೀ. ವೇಗದಲ್ಲಿ 3 ಮೀಟರಿನಲ್ಲಿ ನಿಲ್ಲುವ ಬೈಕ್ 40ರಲ್ಲಿ 12 ಮೀಟರ್, 80ರಲ್ಲಿ 48 ಮೀಟರ್ ತೆಗೆದುಕೊಳ್ಳುತ್ತದೆ. ಕಣ್ಣು ಕಂಡದ್ದನ್ನು ಕೈ ತಿಳಿಯಲು ಒಂದು ಸೆಕೆಂಡ್ ಹಿಡಿದರೆ, 80ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಬೈಕ್ 22 ಮೀಟರ್ ಮುಂದೆ ಹೋಗಿರುತ್ತದೆ. ಕುರಿಯಾಗಲಿ ಮಗುವಾಗಲಿ 70 ಮೀಟರ್ ಮೊದಲೇ ಕಾಣಬೇಕು. ನಮ್ಮ ತಿರುವುಗಳಲ್ಲಿ ಅಷ್ಟು ದೂರ ಕಾಣುತ್ತದೆಯೇ?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿದ್ದವರು. ಒಟ್ಟು ಸಾವುಗಳಲ್ಲಿ ನೂರಕ್ಕೆ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಸತ್ತವರಲ್ಲಿ ಮೂರನೇ ಎರಡರಷ್ಟು ಜನ 18ರಿಂದ 45 ವರ್ಷದೊಳಗಿನವರು. ಈ ಅಂಕಿಗಳ ಹಿಂದೆ ಎಷ್ಟು ತಾಯಂದಿರು, ಎಷ್ಟು ಎಳೆಯ ವಿಧವೆಯರು ಇದ್ದಾರೆ ಎಂದು ಯೋಚಿಸಿ.

ಪಳಗಿದ ಕುದುರೆ, ಪಳಗದ ಕುದುರೆ

ವೇಗದ ಮೇಲಿನ ಪ್ರೀತಿ ಯುವಕರ ಸ್ವಭಾವ. ಅದನ್ನು ಬೈದು ಅಳಿಸಲಾಗದು. ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಕುದುರೆ ಓಟ ನಡೆಸಿದ್ದನ್ನು ಅಬ್ದುಲ್ಲಾ ಬಿನ್ ಉಮರ್(ರ) ತಿಳಿಸಿದ್ದಾರೆ. ಸ್ವತಃ ಅವರೂ ಆ ಓಟದಲ್ಲಿದ್ದರು. ಆ ವರದಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ತರಬೇತಿ ಪಡೆದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿಯ ದಾರಿ ಗೊತ್ತುಪಡಿಸಲಾಗಿತ್ತು. ತರಬೇತಿ ಪಡೆಯದ ಕುದುರೆಗಳಿಗೆ ಸನಿಯ್ಯಾದಿಂದ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದು ಮೈಲಿ ಮಾತ್ರ. ಓಟವನ್ನು ತಡೆಯಲಿಲ್ಲ. ಆದರೆ ಪಳಗಿದ್ದಕ್ಕೂ ಪಳಗದ್ದಕ್ಕೂ ಒಂದೇ ಅಳತೆ ಇಡಲಿಲ್ಲ. ಹದಿನೇಳರ ಹುಡುಗನ ಕೈಗೆ ದೊಡ್ಡ ಬೈಕ್ ಕೊಡುವ ನಾವು ಈ ವ್ಯತ್ಯಾಸ ಮಾಡುತ್ತಿದ್ದೇವೆಯೇ?

ಚೆನ್ನೈನ ಆಲಿಷಾ ಅಬ್ದುಲ್ಲಾ ಅವರ ಹೆಸರನ್ನು ನೀವು ಕೇಳಿರಬಹುದು. ಬೈಕ್ ರೇಸ್ ಚಾಂಪಿಯನ್ ಆಗಿದ್ದ ಆರ್.ಎ. ಅಬ್ದುಲ್ಲಾ ಅವರ ಮಗಳು. ಪುಟ್ಟ ಗೋ-ಕಾರ್ಟ್‌ನಿಂದ ಆರಂಭಿಸಿ, ಬಲ್ಲ ತಂದೆಯ ಕಣ್ಣೆದುರಲ್ಲಿ ಕಲಿತು ಮುಂದೆ ಬಂದರು. ಎಲ್ಲರೂ ರೇಸಿಗೆ ಹೋಗಬೇಕೆಂದಲ್ಲ. ಬಲ್ಲವರ ಮುಂದೆ, ಮೆಟ್ಟಿಲು ಮೆಟ್ಟಿಲಾಗಿ ಕಲಿಯುವುದು ಎಂದರೆ ಇದೇ.

ಟ್ರ್ಯಾಕಿನಲ್ಲಿ ಅಪಾಯವೇ ಇಲ್ಲ ಎಂದು ತಿಳಿಯಬೇಡಿ. 2023ರ ಜನವರಿಯಲ್ಲಿ ಅನುಭವಿ ಚಾಲಕ ಕೆ.ಇ. ಕುಮಾರ್ ಚೆನ್ನೈ ಟ್ರ್ಯಾಕಿನಲ್ಲಿ ಕಾರ್ ರೇಸ್ ವೇಳೆ ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಅಲ್ಲಿಯೇ ಬೈಕ್ ರೇಸಿನಲ್ಲಿ ಬಿದ್ದು ತೀರಿಕೊಂಡ. ಉಳಿದ ಓಟಗಳನ್ನು ರದ್ದು ಮಾಡಲಾಯಿತು. ಹೆಲ್ಮೆಟ್, ಬಾವುಟ, ಅಂಬ್ಯುಲೆನ್ಸ್ ಎಲ್ಲ ಇದ್ದ ಕಡೆಯೇ ಹೀಗಾದರೆ, ಇವು ಯಾವುವೂ ಇಲ್ಲದ ರಸ್ತೆಯನ್ನೇ ಟ್ರ್ಯಾಕ್ ಮಾಡಿಕೊಂಡವರ ಗತಿಯೇನು?

ನೀವು ಏನು ಮಾಡಬಹುದು?

ಮೊದಲನೆಯದಾಗಿ, ಕಾನೂನು ತಿಳಿದಿರಲಿ. ಗೇರ್ ಇರುವ ಬೈಕಿಗೆ 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಬಳಿಕ, ಅಪ್ರಾಪ್ತ ಬಾಲಕ ವಾಹನ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದೂ ಅಪರಾಧ.

ಎರಡನೆಯದಾಗಿ, ಮಗನಿಗೆ 18 ತುಂಬಿ ಕಲಿಕಾ ಲೈಸೆನ್ಸ್ ಬಂದ ಮೇಲೆ ಟ್ರ್ಯಾಕಿನ ಮೊದಲ ಪಾಠವನ್ನು ನೀವೇ ಕಲಿಸಿ. ಇದಕ್ಕೆ ಚೆನ್ನೈಗೆ ಹೋಗಬೇಕಿಲ್ಲ. ಜನ, ದನ ಇಲ್ಲದ ಗಟ್ಟಿ ನೆಲದ ಬಯಲಿಗೆ ಕರೆದೊಯ್ಯಿರಿ. ಹೆಲ್ಮೆಟ್ ಹಾಕಿಸಿ. ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. 20ರ ವೇಗದಲ್ಲಿ ಬಂದು ಗೆರೆ ಮುಟ್ಟಿದಾಗ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿಯಲು ಹೇಳಿ. ಬೈಕ್ ನಿಂತ ಜಾಗದವರೆಗೆ ಹೆಜ್ಜೆ ಎಣಿಸಿ. ಕೈ ಪಳಗಿದ ಮೇಲೆ 30, ಬಳಿಕ 40. ಹೆಜ್ಜೆಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಅವನೇ ಎಣಿಸಲಿ.

ಮೂರನೆಯದಾಗಿ, ವೇಗದ ಹಂಬಲ ತೀರದ ಮಗನಿದ್ದರೆ ಅವನನ್ನು ಬಯ್ಯುವ ಬದಲು ಹಣ ಉಳಿಸಲು ಹೇಳಿ. ವಯಸ್ಸು ತುಂಬಿದ ಮೇಲೆ ಒಂದು ದಿನ ಟ್ರ್ಯಾಕಿಗೆ ಹೋಗಿ, ಹಳೆಯ ರೇಸ್ ಕಾರಿನಲ್ಲಿ ಕುಳಿತು, ಬಲ್ಲವರ ಕೈಕೆಳಗೆ ಓಡಿಸಿ ಬರಲಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ನೋಡಿ. ಅಲ್ಲಿಯವರೆಗೆ ಬೈಕಿನ ಕೀಲಿ ಮನೆಯಲ್ಲಿ ನಿಮ್ಮ ಕೈಯಲ್ಲೇ ಇರಲಿ.